ಗೋಡೆಯ ಮುಂದಿನ ರಂಗೋಲಿ

"ಇಳಸ್ರಿ," ಅಂದಳು ಯಶೋಧಾ. "ಕೆಳಗ ಇಳಸ್ರಿ ಅವ್ವನ್ನ."

ಚಟ್ಟ ಹೊತ್ತಿದ್ದ ನಾಲ್ವರು ಗಂಡಸರು ದನದ ಕೊಟ್ಟಿಗೆಯ ನಡುವೆ ಹಾಗೇ ನಿಂತುಬಿಟ್ಟರು. ಮುಂದಿನವರ ಕಾಲು ಸೆಗಣಿಯಲ್ಲಿತ್ತು, ಹಿಂದಿನವರ ಬೆನ್ನು ಎಮ್ಮೆಗೆ ಮೇವು ಹಾಕುವ ಕಲ್ಲಿನ ಗೋದಲಿಗೆ ತಾಗಿತ್ತು. ಯಶೋಧಾ ಹಿತ್ತಿಲ ಬಾಗಿಲಿಗೆ ಅಡ್ಡಲಾಗಿ, ಎರಡೂ ಕೈ ಚೌಕಟ್ಟಿಗೆ ಒತ್ತಿ ನಿಂತಿದ್ದಳು. ರಾಮದುರ್ಗದ ಬಸ್ಸುಗಳಲ್ಲಿ ಕಂಡಕ್ಟರಿಕೆ ಮಾಡಿಯೇ ಕೂದಲು ನೆರೆಸಿಕೊಂಡ ಹೆಂಗಸು ಅವಳು. ಸಂತೆಯ ದಿನ ಫುಟ್‌ಬೋರ್ಡಿನಿಂದ ಒಂದು ಸಲ ಕೂಗಿದರೆ ಡ್ರೈವರನ ಪಕ್ಕದಲ್ಲಿ ತೂಕಡಿಸುತ್ತಿದ್ದವನೂ ಎದ್ದು ಒಳಗೆ ಸರಿಯುತ್ತಿದ್ದ. ಆ ದನಿಗೆ ಎದುರಾಡುವವನು ಅಲ್ಲಿ ಒಬ್ಬನೇ ಇದ್ದ, ಅಣ್ಣ ಭೀಮಶಿ.

"ತಲಿ ಕೆಟ್ಟೈತೇನ ನಿನಗ?" ಅಂದ ಅವನು. ಚಟ್ಟದ ಮುಂದಿನ ಗಳ ಅವನ ಹೆಗಲ ಮೇಲೇ ಇತ್ತು. "ಹೊತ್ತ ಇಳ್ಯಾಕ ಹತ್ತೈತಿ. ಅಲ್ಲಿ ಕುಣಿ ತೋಡಿ ಕಾಯಾಕ ಹತ್ಯಾರ. ದಾರಿ ಬಿಡು."

"ಅವ್ವನ ದಾರಿ ಇದಲ್ಲ. ಆಕಿ ಪಡುವಲ ಬಾಗಲದಿಂದ ಹೋಗಾಕಿ."

"ಅಲ್ಲಿ ಬಾಗಲಾ ಎಲ್ಲೈತಿ? ಗ್ವಾಡಿ ಐತಿ."

"ಗ್ವಾಡಿ ಕೆಡವೂದು."

ಎಮ್ಮೆ ಒಮ್ಮೆ ತಲೆ ಕೊಡವಿತು. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಹೆಗಲು ನೋಯುತ್ತಿತ್ತೋ ಏನೋ, ಸದ್ದಿಲ್ಲದೆ ಹಿಂದೆ ಸರಿದು ಪಡಸಾಲೆಯಲ್ಲಿ ಲಗಮವ್ವನನ್ನು ಇಳಿಸಿದರು.

ಸುರೇಬಾನದ ಆಚೆ, ಕರಿ ಹೊಲದ ನಟ್ಟನಡುವೆ ನಿಂತಿರುವ ಈ ಮನೆಗೆ ಸುತ್ತಲಿನ ಜನ ಹೊಲದ ವಾಡೆ ಅನ್ನುತ್ತಾರೆ. ಇದರ ಬಗ್ಗೆ ಕತೆಗಳಿಗೇನೂ ಬರವಿಲ್ಲ. ಕಿತ್ತೂರಿನ ಕುದುರೆ ಸವಾರರು ಒಂದು ರಾತ್ರಿ ಇಲ್ಲಿ ತಂಗಿದ್ದರಂತೆ. ಹಿಂದೆ ಈ ವಾಡೆಯ ಒಡೆಯರಾಗಿದ್ದ ಗಂಗಯ್ಯ ಸಾವಕಾರರ ಹಿರೀಕ ಅವರಿಗೆ ಹೊಟ್ಟೆ ತುಂಬ ರೊಟ್ಟಿ ಹಾಕಿ, ಬೆಳಗಾಗುವುದರೊಳಗೆ ಬಿಳಿಯರಿಗೂ ಸುದ್ದಿ ಮುಟ್ಟಿಸಿದ್ದನಂತೆ. ಗೋಡೆಯಲ್ಲಿ ಹೊನ್ನಿನ ಕೊಡ ಇದೆಯಂತೆ. ಅಮಾವಾಸ್ಯೆಗೆ ಅಟ್ಟದ ಮೇಲೆ ಗೆಜ್ಜೆ ಕೇಳುತ್ತದಂತೆ. ಅದೇ ಅಟ್ಟದ ಕೆಳಗೆ ಬಾಳುವೆ ಮಾಡಿದ ಲಗಮವ್ವನನ್ನು ಕೇಳಿದರೆ, "ಗೆಜ್ಜಿ ಅಲ್ಲೋ ಮಾರಾಯಾ, ಇಲಿ," ಅನ್ನುತ್ತಿದ್ದಳು.

ಇಷ್ಟೆಲ್ಲ ಕತೆ ಹೇಳುವವರು ಒಂದನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇಂಥ ದೊಡ್ಡ ವಾಡೆಗೆ ಮುಂಬಾಗಿಲೇ ಇರಲಿಲ್ಲ. ಪಡುವಲ ದಿಕ್ಕಿಗೆ, ಬಾಗಿಲಿರಬೇಕಾದಲ್ಲಿ, ಒಂದು ಗೋಡೆ ಇತ್ತು.

* * *

ಉಳುವವನಿಗೇ ಹೊಲ ಎಂದು ಕಾಯಿದೆ ಬಂದ ಕಾಲ. ಗಂಗಯ್ಯ ಸಾವಕಾರರ ಹೊಲವನ್ನು ತಲೆಮಾರಿನಿಂದ ಉಳುತ್ತಿದ್ದ, ಲಗಮವ್ವನ ಗಂಡ ಶಟ್ಟೆಪ್ಪನ ಹೆಸರಿಗೆ ಆ ಹೊಲವೂ ಅದರೊಳಗಿನ ವಾಡೆಯೂ ಬಂದವು. ಅಲ್ಲಿಯತನಕ ಶಟ್ಟೆಪ್ಪನ ಮಂದಿ ಆ ಮನೆಯಲ್ಲಿ ಕಂಡದ್ದು ಕೊಟ್ಟಿಗೆಯೊಂದನ್ನೇ. ಸೆಗಣಿ ಬಾಚಲು ಹಿತ್ತಿಲಿನಿಂದ ಬರಬೇಕು, ಹಿತ್ತಿಲಿನಿಂದ ಹೋಗಬೇಕು.

ಗಂಗಯ್ಯ ಶಟ್ಟೆಪ್ಪನನ್ನು ಕರೆಸಿದ. "ಹೊಲಾ ತಗೋ, ಮನೀ ತಗೋ. ಮ್ಯಾಲಿನ ಕೋರ್ಟಿಗೆ ನಾ ಹೋಗೂದಿಲ್ಲ. ಖರೆ ನಮ್ಮ ಹಿರ್ಯಾರು ದಾಟಿದ ಹೊಸ್ತಲಾ ಐತಿ ಅದು. ನೀ, ನಿನ್ನ ಮಗಾ, ಮಗನ ಮಗಾ, ಒಬ್ಬರೂ ಅದನ್ನ ದಾಟಬಾರದು. ಯಲ್ಲವ್ವನ ಭಂಡಾರ ಮುಟ್ಟಿ ಹೇಳು."

ಶಟ್ಟೆಪ್ಪ ಅಂಜುಬುರುಕನಲ್ಲ. ಆದರೆ ಕೋರ್ಟು ಅಲೆದು ಹೊಲ ಕಳಕೊಂಡವರನ್ನು ಕಣ್ಣಾರೆ ಕಂಡಿದ್ದ. ದೇವಿಯ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿದ. ಗಂಗಯ್ಯ ಅಷ್ಟಕ್ಕೇ ಬಿಡಲಿಲ್ಲ. ಸಾಗವಾನಿ ಕದವನ್ನು ಕೀಳಿಸಿ ಬೈಲಹೊಂಗಲದ ತನ್ನ ಮನೆಗೆ ಗಾಡಿಯಲ್ಲಿ ಕಳಿಸಿದ. ಕಲ್ಲಿನ ಚೌಕಟ್ಟು ಕಿತ್ತು ಬರಲಿಲ್ಲ. "ನಿನ್ನ ಕೈಯಾರ ಮುಚ್ಚು," ಎಂದು ಶಟ್ಟೆಪ್ಪನ ಕೈಯಲ್ಲೇ ಅಲ್ಲಿ ಗೋಡೆ ಕಟ್ಟಿಸಿದ. ತಾನು ಬೇವಿನ ಗಿಡದ ಕೆಳಗೆ ಹೊರಸು ಹಾಕಿಸಿಕೊಂಡು ಕಾವಲು ಕೂತ. ಮಧ್ಯಾಹ್ನ ಹೋಳಿಗೆ ಊಟವಾಯಿತು, ರುಮಾಲು ಮುಖದ ಮೇಲೆ ಬಂತು, ಸಾವಕಾರರು ಗೊರಕೆ ಹೊಡೆದರು. ಎದ್ದು ನೋಡುವಾಗ ಗೋಡೆ ಆಳೆತ್ತರ ಬಂದಿತ್ತು.

ಯಶೋಧಾ ಆಗ ಲಂಗ ಎತ್ತಿ ಹಿಡಿದು ಓಡುವ ಹುಡುಗಿ. ಅವ್ವ ಬುಟ್ಟಿಯ ಮೇಲೆ ಬುಟ್ಟಿ ಹೊತ್ತು ತಂದದ್ದು ಅವಳಿಗೆ ನೆನಪಿದೆ. ಅಪ್ಪ ಏನೋ ಪಿಸುಗುಟ್ಟಿದಾಗ ಅವ್ವ ಸೆರಗು ಬಾಯಿಗೆ ಒತ್ತಿ ನಕ್ಕದ್ದೂ ನೆನಪಿದೆ. ಅಂಥ ದಿನ ನಗು ಹೇಗೆ ಬಂತೋ ಅವಳಿಗೆ ತಿಳಿಯಲಿಲ್ಲ.

ಮರುದಿನ ನಸುಕಿನಲ್ಲಿ ಲಗಮವ್ವ ಹಿತ್ತಿಲಿನಿಂದ ಹೊರಬಿದ್ದು, ಮನೆಯನ್ನು ಸುತ್ತಿ ಬಂದು, ಆ ಗೋಡೆಯ ಮುಂದೆ ಸಾರಿಸಿ ರಂಗೋಲಿ ಹಾಕಿದಳು. ಹಾದು ಹೋಗುತ್ತಿದ್ದ ಸಾವಕಾರರ ಆಳು ನಿಂತು ಕೇಳಿದ, "ಯಾರರೆ ಗ್ವಾಡಿಗೆ ರಂಗೋಲಿ ಹಾಕ್ತಾರೇನ ಬೇ?"

"ಗ್ವಾಡಿಗಲ್ಲ, ಬಾಗಲಕ್ಕ."

"ಬಾಗಲಾ ಎಲ್ಲೈತಿ?"

"ಗ್ವಾಡಿ ಹಿಂದೈತಿ. ನಿನಗ ಕಾಣ್ಸೂದಿಲ್ಲ."

ಅಂದಿನಿಂದ ಊರವರ ಬಾಯಲ್ಲಿ ಅವಳು ಗ್ವಾಡಿ ಲಗಮವ್ವ ಆದಳು. ಮಳೆಯಿರಲಿ, ಮೈಯಲ್ಲಿ ಜ್ವರವಿರಲಿ, ರಂಗೋಲಿ ತಪ್ಪಲಿಲ್ಲ.

ಶಟ್ಟೆಪ್ಪ ಆಣೆ ಮುರಿಯದೆ ಸತ್ತ. ಅವನನ್ನು ಕೊಟ್ಟಿಗೆಯ ಮೂಲಕವೇ ಒಯ್ದರು. ಆ ಇಕ್ಕಟ್ಟಿನಲ್ಲಿ ಚಟ್ಟ ಓರೆ ಮಾಡಬೇಕಾಯಿತು, ಹೆಣದ ತಲೆ ಗೋದಲಿಯ ಕಲ್ಲಿಗೆ ಬಡಿಯಿತು. ಆ ಸದ್ದಿಗೆ ಲಗಮವ್ವನ ಅಳು ನಿಂತುಹೋಯಿತು.

* * *

"ಆಣಿ ಮಾಡಿದಾಂವ ನಿಮ್ಮಪ್ಪ," ಅಂದಿದ್ದಳು ಲಗಮವ್ವ, ಹೋದ ವಾರ, ಮಗಳ ಕೈಯಿಂದ ಅಂಬಲಿ ಕುಡಿಯುತ್ತಾ. "ಅಂವನ ಹೆಸರ ಹಿಡದ್ರು, ಮಗನ ಹೆಸರ ಹಿಡದ್ರು, ಇನ್ನೂ ಹುಟ್ಟದ ಮೊಮ್ಮಗನ್ನೂ ಬಿಡಲಿಲ್ಲ. ನಾ ಅಲ್ಲೇ ಬುಟ್ಟಿ ಹಿಡಕೊಂಡ ನಿಂತಿದ್ದೆ. ನನ್ನ ಹೆಸರ ಯಾರೂ ಹಿಡೀಲಿಲ್ಲ. ನಿನ್ನ ಹೆಸರೂ ಹಿಡೀಲಿಲ್ಲ. ಹೆಣ್ಣಮಕ್ಕಳು ಮಂದಿ ಲೆಕ್ಕಕ್ಕ ಇರಲಿಲ್ಲ ಅವರಿಗೆ."

"ಮತ್ತ ಇಷ್ಟ ದಿನಾ ಯಾಕ ಸುಮ್ಮನಿದ್ದಿ ಬೇ?"

"ನಿಮ್ಮಪ್ಪ ಇರೂತನಕ ಅಂವನ ಮಾತಿಗಿ ಇದ್ದೆ. ಆಮ್ಯಾಲ ನಿಮ್ಮಣ್ಣ ಆ ಸಾವಕಾರನ ಮೊಮ್ಮಗನ ಬೋರಿನ ನೀರ ನೆಚ್ಚಿ ಕಬ್ಬ ಹಚ್ಚಿದ. ಜೀವ ಇದ್ದಾಗ ದಾಟಿದ್ರ ಮಗನ ಜೋಡಿ ಜಗಳ. ಸತ್ತ ಮ್ಯಾಲ ನನ್ನ ಜೋಡಿ ಯಾರ ಜಗಳ ಆಡ್ತಾರ?" ಅವಳು ಬೊಚ್ಚು ಬಾಯಿ ಬಿಟ್ಟು ನಕ್ಕಳು. ಆಮೇಲೆ ಮಗಳ ಮುಂಗೈ ಹಿಡಿದುಕೊಂಡಳು. "ನನ್ನ ತಲಿ ಗ್ವಾದಲಿಗಿ ಬಡೀಬಾರದು ಯಶೀ. ಮುಂದಿನ ಬಾಗಲದಿಂದ ಒಯ್ಯಿ. ಮಾತ ಕೊಡು."

ಯಶೋಧಾ ಮಾತು ಕೊಟ್ಟಳು. ಮುದುಕಿಯ ಹಿಡಿತ ಆಮೇಲೂ ಸಡಿಲವಾಗಲಿಲ್ಲ. "ಗ್ವಾಡಿ ಕೆಡವಾಕ ಹಾರಿ ಗೀರಿ ಬ್ಯಾಡ. ಬುಡದಾಗ, ಎಡಕ, ನಾ ಕುಂಕುಮ ಹಚ್ಚತಿದ್ನೆಲ್ಲ, ಆ ಕಲ್ಲ ಎಳಿ," ಅಂದಳು. ಮುಪ್ಪಿನ ಬಡಬಡಿಕೆ ಎಂದುಕೊಂಡು ಯಶೋಧಾ ಅದನ್ನು ಅಲ್ಲಿಗೇ ಬಿಟ್ಟಿದ್ದಳು.

* * *

ಸುದ್ದಿ ಅಂಗಳ ಮುಟ್ಟಲು ತಡವಾಗಲಿಲ್ಲ. ಅದರ ಹಿಂದೆಯೇ ಯಶೋಧಾಳೂ ಭೀಮಶಿಯೂ ಮನೆ ಸುತ್ತಿ ಅಲ್ಲಿಗೆ ಬಂದರು. ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಸಿದ್ಧಾರೂಢ, ಅಂದರೆ ಗಂಗಯ್ಯನ ಮೊಮ್ಮಗ, ಎದ್ದು ಬಂದ. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಮಾತು ಬೆಣ್ಣೆ.

"ಯಶೋಧಾಬಾಯಿ, ದುಃಖದಾಗ ಇದ್ದೀರಿ, ನನಗ ತಿಳೀತೈತಿ. ಖರೆ ಹಿರ್ಯಾರ ಮಾತಂದ್ರ ಮಾತು. ಭಂಡಾರದ ಆಣಿ ಐತಿ."

"ಹೌದ್ರಿ, ಐತಿ. ನಮ್ಮಪ್ಪಂದು, ನಮ್ಮಣ್ಣಂದು. ನಮ್ಮವ್ವಂದಲ್ಲ."

"ಎಲ್ಲಾ ಒಂದ ಅಲ್ಲೇನ್ರಿ?"

"ಒಂದ ಇದ್ದಿದ್ರ ನಿಮ್ಮಜ್ಜ ಆಕಿ ಹೆಸರೂ ಹಿಡೀಬೇಕಾಗಿತ್ತು. ಮರತ್ರು. ನಾವೇನ ಮಾಡೂಣ?"

ಗೋಡೆಗೊರಗಿ ಕೂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಸಿದ್ಧಾರೂಢನ ಮುಖ ಬಿಗಿಯಿತು. ಅವನು ಯಶೋಧಾಳನ್ನು ಬಿಟ್ಟು ಭೀಮಶಿಯ ಕಡೆ ತಿರುಗಿದ.

"ಭೀಮಶಿ, ನೀ ತಿಳದಾಂವ. ನನ್ನ ಬೋರಿಂದ ನಿನ್ನ ಹೊಲಕ್ಕ ಪೈಪ್ ಹಾದೈತಿ. ನಾ ಎಂದರೆ ಒಂದ ಮಾತ ಅಂದೇನೇನು? ಇಂದ ನೀನ ಹೇಳು, ಇದು ಚಂದ ಕಾಣತೈತೇನು?"

ಭೀಮಶಿ ತಂಗಿಯ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. "ಕೇಳಿದೇನ? ನಾಳೆ ಪೈಪ್ ಕಿತ್ತ ಒಗದ್ರ ಕಬ್ಬಿಗಿ ನೀರ ನಿಮ್ಮ ಬಸ್ಸಿನಾಗ ತಂದ ಹಾಕ್ತಿಯೇನು?"

"ಕಬ್ಬ ಒಣಗಿದ್ರ ಜ್ವಾಳಾ ಬಿತ್ತು. ಅಪ್ಪ ಜ್ವಾಳಾನ ಬೆಳದು ನಮ್ಮನ್ನ ಸಾಕ್ಯಾನ. ಅಪ್ಪನ ತಲಿ ಗ್ವಾದಲಿಗಿ ಬಡದಾಗ ನೀನ ಹೊತ್ತಿದ್ದಿ ಅಣ್ಣಾ. ಆ ಸಪ್ಪಳಾ ಮರತೀಯೇನು?"

ಭೀಮಶಿ ಕೈ ಬಿಟ್ಟ. "ನಾ ದಾಟಂಗಿಲ್ಲ," ಅಂದ ಕೊನೆಗೆ, ತಗ್ಗಿದ ದನಿಯಲ್ಲಿ. "ಅಪ್ಪ ಭಂಡಾರ ಮುಟ್ಯಾನ."

"ನಿನಗ ಯಾರ ದಾಟಂದ್ರು? ನೀ ಹೊರಗ ನಿಂದರು. ಒಳಗಿಂದ ಹೆಣ್ಣಮಕ್ಕಳು ಹೊರತೇವಿ."

"ಹೆಂಗಸರು ಚಟ್ಟಾ ಹೊರೂದಾ?" ಸಿದ್ಧಾರೂಢ ಈಗ ನಿಜವಾಗಿಯೂ ಬೆಚ್ಚಿದ.

ಉತ್ತರ ಬಂದದ್ದು ಬಾಯವ್ವನಿಂದ. ಲಗಮವ್ವನ ಓರಗೆಯವಳು, ಜೀವದ ಗೆಳತಿ, ಬೆನ್ನು ಬಾಗಿದ ಮುದುಕಿ. ಕೋಲು ಊರಿ ಎದ್ದು ನಿಂತಳು. "ನಿಮ್ಮ ಹೊಲದ ಜ್ವಾಳದ ಕಣಕಿ ಹೊರಿ ಹೊತ್ತೇವಿ, ನಿಮ್ಮ ವಾಡೆದ ಕಲ್ಲ ಹೊತ್ತೇವಿ ಸಾವಕಾರ. ಆಕಿ ಹಕ್ಕಿಯಷ್ಟ ಹಗರ ಅದಾಳ. ಆಕಿನ್ನ ಹೊರಾಕ ಬರೂದಿಲ್ಲೇನ ನಮಗ?"

ಸಿದ್ಧಾರೂಢ ಆಕಾಶ ನೋಡಿದ. ಹೊತ್ತು ಕಬ್ಬಿನ ಗರಿಯ ಕಡೆಗೆ ಇಳಿಯುತ್ತಿತ್ತು. ಅವನಿಗೆ ಸ್ವಲ್ಪ ಧೈರ್ಯ ಬಂತು. "ಆತ್ರಿ, ಕೆಡವ್ರಿ. ಎರಡ ಮೊಳ ದಪ್ಪನ ಗ್ವಾಡಿ. ಹೊತ್ತ ಮುಳಗೂದರಾಗ ಆಗತೈತೇನ ನಾನೂ ನೋಡತೇನಿ," ಎಂದು ಕುರ್ಚಿಗೆ ಮರಳಿದ.

ಅವನು ಹೇಳಿದ್ದು ಸುಳ್ಳಲ್ಲ. ಹೊತ್ತು ಮುಳುಗಿದರೆ ಅವ್ವನನ್ನು ಮತ್ತೆ ಎಮ್ಮೆಯ ಪಕ್ಕದಲ್ಲೇ ಓರೆ ಮಾಡಿ ಒಯ್ಯಬೇಕು, ಕೊಟ್ಟ ಮಾತು ಮಣ್ಣಾಗುತ್ತದೆ. ಅಣ್ಣನ ಸೊಸೆ ರೇಣು ಹಾರೆ ತಂದು ಕೊಟ್ಟಳು. ಯಶೋಧಾ ಗೋಡೆಯ ಮುಂದೆ ನಿಂತಳು. ಕಾಲ ಬಳಿ ಅವ್ವ ಹಾಸಿಗೆ ಹಿಡಿಯುವ ಮುನ್ನ ಎಳೆದ ಕೊನೆಯ ರಂಗೋಲಿ ಅರ್ಧ ಅಳಿಸಿಹೋಗಿತ್ತು. ಎಡಕ್ಕೆ, ಬುಡದಲ್ಲಿ, ಒಂದು ಕಲ್ಲಿನ ಮೇಲೆ ಕುಂಕುಮ ದಪ್ಪಗೆ ಪದರುಗಟ್ಟಿತ್ತು.

ಅವಳು ಹಾರೆ ಕೆಳಗಿಟ್ಟಳು. ಮೊಣಕಾಲೂರಿ, ಎರಡೂ ಕೈಯಿಂದ ಆ ಕಲ್ಲನ್ನು ಹಿಡಿದು ಅಲ್ಲಾಡಿಸಿದಳು. ಕಲ್ಲು ಮುದುಕಿಯ ಹಲ್ಲಿನ ಹಾಗೆ ಕಿತ್ತು ಕೈಗೆ ಬಂತು. ಅದರ ಹಿಂದಿನಿಂದ ಮಣ್ಣು ಸುರಿಯಲಿಲ್ಲ, ಕಲ್ಲು ಉರುಳಲಿಲ್ಲ. ಹೊಟ್ಟು ಸುರಿಯಿತು. ಜೋಳದ ಹೊಟ್ಟು, ಹುಡಿಯಾದ ಒಣ ಎಲೆಯ ರವದಿ, ಬುಳುಬುಳು ಬುಳುಬುಳು ಅವಳ ಮಡಿಲಿಗೇ ಸುರಿಯಿತು.

"ಎವ್ವಾ!" ಅಂದಳು ಯಶೋಧಾ. ಗೊರಕೆ ಹೊಡೆಯುತ್ತಿದ್ದ ಸಾವಕಾರ, ಅವ್ವನ ಬುಟ್ಟಿಗಳು, ಸೆರಗಿನೊಳಗಿನ ನಗು, ಎಲ್ಲ ಒಂದೇ ಸಲ ತಿಳಿದವು. ಅಪ್ಪ ಹೊರಗೊಂದು ಸಾಲು, ಒಳಗೊಂದು ಸಾಲು ಕಲ್ಲಿಟ್ಟು, ನಡುವೆ ಬರೀ ಹೊಟ್ಟು ತುಂಬಿದ್ದ. ಗೋಡೆ ಹಿಡಿದು ನಿಲ್ಲುವಂತೆ ಹಳೆಯ ಚೌಕಟ್ಟಿಗೆ ಎಲ್ಲಿಯೂ ಕಚ್ಚು ಕೊಟ್ಟಿರಲಿಲ್ಲ.

"ಸರೀರಿ, ಸರೀರಿ ಹಿಂದಕ!" ಎಂದು ಕೂಗಿ ಅವಳು ಹೆಗಲು ಕೊಟ್ಟು ನೂಕಿದಳು. ರೇಣು ನೂಕಿದಳು, ಉಳಿದ ಹೆಂಗಸರೂ ಸೆರಗು ಸಿಗಿಸಿ ನೂಕಿದರು. ಗಂಗಯ್ಯನ ಗೋಡೆ ಒಮ್ಮೆ ಗುಡುಗಿ ಒಳಕ್ಕೆ ಕುಸಿಯಿತು. ಹೊಟ್ಟಿನ ಧೂಳು ಎದ್ದು ಬೇವಿನ ಗಿಡದ ತನಕ ಹಾರಿ ಸಿದ್ಧಾರೂಢನ ಬಿಳಿ ಅಂಗಿಯ ಮೇಲೆ ಕೂತಿತು. ಅವನು ಸೀನಿದ.

ಬಾಯವ್ವ ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಒಟ್ಟಿಗೇ. "ನೋಡ ಬೇ ಲಗಮೀ, ನಿನ್ನ ಗಂಡನ ಕಸಬ ನೋಡ!"

ಭೀಮಶಿ ಬಗ್ಗಿ ಒಂದು ಹಿಡಿ ಹೊಟ್ಟು ತೆಗೆದುಕೊಂಡ. ಅಪ್ಪ ಬೀಳಲೆಂದೇ ಕಟ್ಟಿದ್ದ ಗೋಡೆಯ ಹೊಟ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

ಹೆಂಗಸರು ಹಿತ್ತಿಲಿನಿಂದ ಒಳಹೊಕ್ಕು, ಬಿದ್ದ ಕಲ್ಲು ಸರಿಸಿ, ಲಗಮವ್ವನನ್ನು ಹೆಗಲಿಗೇರಿಸಿದರು. ಚೌಕಟ್ಟು ಗಿಡ್ಡ, ಎಲ್ಲರೂ ಬಗ್ಗಬೇಕಾಯಿತು. ಚಟ್ಟ ಮಾತ್ರ ನೆಟ್ಟಗೆ, ಎಲ್ಲಿಯೂ ಓರೆಯಾಗದೆ, ಹೊಸ್ತಿಲು ದಾಟಿ ಬಿಸಿಲಿಗೆ ಬಂತು. ಹೊರಗೆ ಭೀಮಶಿ ಹೆಗಲು ಕೊಟ್ಟ.

ಹೊಲದ ಬದುವಿನಲ್ಲಿ, ಶಟ್ಟೆಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಊರ ಮಂದಿಯೆಲ್ಲ ನೋಡುತ್ತಿದ್ದುದರಿಂದ ಸಿದ್ಧಾರೂಢನೂ ಬಂದು ಒಂದು ಹಿಡಿ ಮಣ್ಣು ಹಾಕಿದ. ಮಣ್ಣಿಗೆ ಹೋದವರು ಸತ್ತವರ ಮನೆಗೆ ಮರಳಿ, ಕಾಲು ತೊಳೆದು, ಜೀವ ಹೋದಲ್ಲಿ ಹಚ್ಚಿಟ್ಟ ದೀಪ ನೋಡಿಯೇ ತಮ್ಮ ಮನೆ ಸೇರಬೇಕು. ಆ ಪದ್ಧತಿಯನ್ನು ಮೀರುವ ಧೈರ್ಯ ಅವನಿಗಿರಲಿಲ್ಲ. ಮರಳಿದ ಜನ ರೂಢಿಯಂತೆ ಮನೆ ಸುತ್ತಿ ಹಿತ್ತಿಲಿಗೆ ಹೋದರು. ಹೋದ ಹಾಗೇ ತಿರುಗಿ ಬಂದರು. ಕೊಟ್ಟಿಗೆಯ ಬಾಗಿಲಿಗೆ ರೇಣು ಎದೆಮಟ್ಟ ಕಲ್ಲು ಒಟ್ಟಿದ್ದಳು, ಕೆಡವಿದ ಗೋಡೆಯ ಕಲ್ಲುಗಳನ್ನೇ.

ಪಡುವಲ ಬಾಗಿಲ ಪಕ್ಕ ಯಶೋಧಾ ನೀರಿನ ಕೊಡ ಇಟ್ಟುಕೊಂಡು ನಿಂತಿದ್ದಳು. ಒಬ್ಬೊಬ್ಬರ ಕಾಲಿಗೂ ನೀರು ಹಾಕಿದಳು. ಸಿದ್ಧಾರೂಢನ ಸರದಿ ಬಂತು.

"ಬಗ್ಗಿ ಬರ್ರಿ ಸಾವಕಾರ," ಅಂದಳು. "ತಲಿ ಬಡೀತೈತಿ."

ಅವನು ಅತ್ತಿತ್ತ ನೋಡಿದ. ಹಿಂದೆ ಸಾಲು ನಿಂತಿತ್ತು. ಸೊಂಟ ಬಗ್ಗಿಸಿ ಒಳಗೆ ಹೋದ, ದೀಪಕ್ಕೆ ಕೈ ಮುಗಿದ, ಬಗ್ಗಿಕೊಂಡೇ ಹೊರಗೆ ಬಂದ. ಪೈಪಿನ ಮಾತು ಎತ್ತದೆ ನಡೆದುಬಿಟ್ಟ.

ಕೊನೆಗೆ ಉಳಿದವನು ಭೀಮಶಿ. ಯಶೋಧಾ ಅವನ ಕಾಲಿಗೆ ನೀರು ಹಾಕಿ, ಕೊಡ ಕೆಳಗಿಟ್ಟು, ಪಕ್ಕಕ್ಕೆ ಸರಿದು ನಿಂತಳು. ಬಾ ಅನ್ನಲಿಲ್ಲ. ಅವನ ಮುಷ್ಟಿಯಲ್ಲಿ ಅಪ್ಪನ ಹೊಟ್ಟು ಇನ್ನೂ ಇತ್ತು, ಬೆರಳ ಸಂದಿನಿಂದ ಒಂದಿಷ್ಟು ಉದುರುತ್ತಿತ್ತು. ಇಳಿಬಿಸಿಲು ಅವನ ಬೆನ್ನ ಹಿಂದಿತ್ತು. ಅವನ ನೆರಳು ಹೊಸ್ತಿಲು ದಾಟಿ, ಪಡಸಾಲೆಯ ಉದ್ದಕ್ಕೂ ಚಾಚಿ, ಅವ್ವನ ದೀಪವನ್ನು ಮುಟ್ಟಿತ್ತು. ಅವನು ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹೊಸ್ತಿಲ ಕಡೆ ಕಾಲೆತ್ತಿ, ಬಗ್ಗಿದ.