ಗೇಟಿನ ಬೋರ್ಡು

ಅಡುಗೆಮನೆಯ ಚಾಕುವಿನ ತುದಿ ಪಟಕ್ಕನೆ ಮುರಿದು ಸ್ಕ್ರೂವಿನ ಸೀಳಿನಲ್ಲೇ ಉಳಿಯಿತು. ಮಗಳು ಕೈಯಲ್ಲಿದ್ದ ಮೊಂಡು ಚಾಕುವನ್ನೂ ಗೇಟಿನ ಮೇಲಿನ ಬೋರ್ಡನ್ನೂ ನೋಡಿ ಹಲ್ಲು ಕಡಿದಳು. ‘ಈ ಮನೆ ಮಾರಾಟಕ್ಕಿದೆ’ ಎಂಬ ಕೆಂಪಕ್ಷರ, ಕೆಳಗೆ ಏಜೆಂಟನ ಫೋನ್ ನಂಬರು. ಒಳಗೆ ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಹನ್ನೊಂದಕ್ಕೆ ಗಾಡಿ ಬರುತ್ತದೆ. ಅಪ್ಪ ಕೊನೆಯ ಸಲ ಮನೆಯಿಂದ ಹೊರಡುವಾಗ ಈ ದರಿದ್ರ ಹಲಗೆ ಅಲ್ಲಿರಬಾರದು ಎಂಬುದೊಂದೇ ಅವಳ ಹಟ.

ಬೋರ್ಡು ಅಲುಗಲಿಲ್ಲ. ಏಜೆಂಟನ ಆಳುಗಳು ಅದನ್ನು ಸೊಟ್ಟಗೆ ಮೊಳೆ ಹೊಡೆದು ಹೋಗಿದ್ದರು. ಬಡಗಿಯಾದ ಅಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಮರುದಿನವೇ ಕಿತ್ತು, ರಸಮಟ್ಟ ಇಟ್ಟು, ಗಾಜಿನ ಕೊಳವೆಯ ಗುಳ್ಳೆ ಸರಿಯಾಗಿ ನಡುವೆ ನಿಂತ ಮೇಲೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದ. ತನ್ನ ಮನೆ ಮಾರುವ ಬೋರ್ಡಿಗೂ ಅಷ್ಟು ಶಿಸ್ತು! ಬೀದಿಯವರು ಅವನಿಗೆ ರಸಮಟ್ಟ ಎಂದೇ ಅಡ್ಡಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅಮ್ಮನ ತಮ್ಮ, ಸೋದರಮಾವ, ಅಂಗೈಯನ್ನು ಕರವಸ್ತ್ರಕ್ಕೆ ಉಜ್ಜುತ್ತಾ ಹೊರಗೆ ಬಂದ. ಮೆಟ್ಟಿಲ ಪಕ್ಕ ಅಪ್ಪ ಹೊಸದಾಗಿ ಹಾಕಿದ ಮರದ ಕೈಪಿಡಿಯ ವಾರ್ನಿಷ್ ಇನ್ನೂ ಆರಿಲ್ಲ, ಬಂದವರ ಕೈಯೆಲ್ಲ ಅಂಟುತ್ತಿದೆ ಎಂದು ಗೊಣಗಿದ. ಆಮೇಲೆ ದನಿ ತಗ್ಗಿಸಿ, "ಆ ಏಜೆಂಟ್ ಬಂದು ಕೂತಿದಾನೆ ಕಣೇ. ಹೂ ಬೇರೆ ತಂದಿದಾನೆ," ಎಂದ.

*

ಆರು ತಿಂಗಳ ಹಿಂದೆ ಅಪ್ಪ ಫೋನ್ ಮಾಡಿದಾಗ ಅವಳು ಆಫೀಸಿನಲ್ಲಿದ್ದಳು. ಮನೆ ಮಾರುವ ಯೋಚನೆ ಅವಳದೇ. ಅಮ್ಮನ ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲ, ನೆಲಮಹಡಿಯ ಮನೆ ನೋಡೋಣ ಎಂದು ಅಪ್ಪನ ತಲೆ ತಿಂದಿದ್ದಳು. ಕರಾರಿನ ಮೂರು ಹಾಳೆ ಮುಂದಿಟ್ಟುಕೊಂಡು ಅವನು ಒಂದೊಂದೇ ಸಾಲು ಓದಿದ. ಕಮಿಷನ್ ಯಾವಾಗ ಕೊಡಬೇಕು, ಮಾರಿದಾಗಲೋ ಗಿರಾಕಿ ಸಿಕ್ಕಿದಾಗಲೋ ಎಂದು ಕೇಳಿದ. ಬೇಡ ಅನ್ನಿಸಿದರೆ ಹಿಂದೆ ಸರಿಯುವುದು ಹೇಗೆ ಎಂದು ಎರಡು ಸಲ ಕೇಳಿದ.

"ಎಲ್ಲಾ ಕರಾರೂ ಹಾಗೇ ಇರುತ್ತಪ್ಪ. ಸಹಿ ಹಾಕು," ಎಂದು ಅವಳು ಫೋನಿಟ್ಟಿದ್ದಳು.

ಅಪ್ಪ ಹಾಕಿದ. ಅಮ್ಮನೂ ಹಾಕಿದಳು. ಬೋರ್ಡು ಸರಿಪಡಿಸಿದ ಸಂಜೆ ಮಗಳು ಬಂದಾಗ ಅಮ್ಮ ರೇಗುತ್ತಿದ್ದಳು. ಹೊಸ ಗುಲಾಬಿ ಸೋಪಿನ ಮೇಲೆ ಯಾರೋ ನಾಲ್ಕು ಗೀರು ಎಳೆದಿದ್ದರು, ಇಲಿಯೂ ಇಷ್ಟು ನೆಟ್ಟಗೆ ಕೆರೆಯುವುದಿಲ್ಲವಂತೆ. ಅಪ್ಪ ಏನೂ ಗೊತ್ತಿಲ್ಲದವನಂತೆ ಟೀ ಕುಡಿಯುತ್ತಿದ್ದ.

*

ಏಜೆಂಟ್ ಕೆಟ್ಟವನ ಹಾಗೆ ಕಾಣಲಿಲ್ಲ, ಅದೇ ಅವಳ ಹೊಟ್ಟೆ ಉರಿಸಿತು. ಇವತ್ತು ಇದನ್ನು ಎತ್ತಬಾರದು ಎಂದು ಶುರುಮಾಡಿ ಎಲ್ಲವನ್ನೂ ಎತ್ತಿದ. ಕರಾರಿನಿಂದ ಹಿಂದೆ ಸರಿಯುವುದಾದರೆ ಇಬ್ಬರು ಮಾಲೀಕರೂ ಸಹಿ ಮಾಡಿದ ಲಿಖಿತ ನೋಟಿಸು ಇವತ್ತು ಸಂಜೆಯೊಳಗೆ ಅವನ ಕೈಸೇರಬೇಕು. ಸೇರಿದರೆ ಜಾಹೀರಾತಿನ ಖರ್ಚಷ್ಟೇ. ಇಲ್ಲದಿದ್ದರೆ ಕರಾರು ತಾನಾಗಿ ಇನ್ನಾರು ತಿಂಗಳು ಮುಂದುವರಿಯುತ್ತದೆ. ಮುಂದಿನ ವಾರ ಒಬ್ಬರು ಅಡ್ವಾನ್ಸ್ ಹಿಡಿದು ಬರುತ್ತಾರೆ. ಆಗ ಮಾರುವುದಿಲ್ಲ ಎಂದರೂ ಪೂರ್ತಿ ಕಮಿಷನ್ ಕೊಡಬೇಕು.

"ಅಂದ್ರೆ ಮನೆ ಉಳಿಸ್ಕೊಳ್ಳೋಕೆ ಕಮಿಷನ್ ಕೊಡಬೇಕು, ಆ ಕಮಿಷನ್ ಕೊಡೋಕೆ ಮನೆ ಮಾರಬೇಕು," ಎಂದ ಮಾವ.

"ನಾನು ಮಾರಲ್ಲ," ಎಂದಳು ಅಮ್ಮ. ಬೆಳಗಿನಿಂದ ಅವಳಾಡಿದ ಮೊದಲ ಮಾತು ಅದು. "ಕೈಪಿಡಿ ಹಾಕಿದ್ಮೇಲೆ ಮೆಟ್ಟಿಲು ಹತ್ತಿ ಇಳೀತೀನಿ. ವಾರ್ನಿಷ್ ಒಣಗಲಿ, ನಿಂಗೊಂದು ಮಾತು ಹೇಳ್ತೀನಿ ಅಂದಿದ್ರು ನಿಮ್ಮಪ್ಪ. ಅದೇನು ಅಂತ ಹೇಳ್ಲೇ ಇಲ್ಲ."

ಈಗಲೇ ಬರೆದುಕೊಡುತ್ತೇವೆ ಎಂದಳು ಮಗಳು. ಏಜೆಂಟ್ ನಡುಮನೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಇಬ್ಬರ ಸಹಿ ಬೇಕಿತ್ತಲ್ಲ ಎಂದ.

ಅಪ್ಪ ಏನಾದರೂ ಬರೆದು ಸಹಿ ಮಾಡಿಟ್ಟಿರಬಹುದೇ ಎಂದು ಅವಳು ಬೀರುವಿನ ಕಾಗದವನ್ನೆಲ್ಲ ಸುರಿದು ಹುಡುಕಿದಳು. ಸಿಗುವುದಿಲ್ಲವೆಂದು ಗೊತ್ತಿತ್ತು. ಅಪ್ಪ ಕಾಗದದ ಮೇಲೆ ಬರೆದವನೇ ಅಲ್ಲ. ಅಳತೆ, ತಾರೀಕು, ಗಿರಾಕಿಯ ವಿಳಾಸ ಎಲ್ಲವೂ ಹಲಗೆಯ ಹಿಂಬದಿಗೇ, ಕಿವಿಯ ಮೇಲಿನ ಪೆನ್ಸಿಲಿನಿಂದ. ಅವಳು ಹುಟ್ಟಿದಾಗಿನ ತೂಕ ಇದೇ ಬೀರುವಿನ ಬೆನ್ನಿನ ಮೇಲಿದೆ. ಅಪ್ಪ ಎರಡು ಸಲ ಕೇಳಿದ್ದ. ಅವಳಿಗೆ ಎರಡು ನಿಮಿಷ ಇರಲಿಲ್ಲ. ತನ್ನ ಮೇಲಿನ ಸಿಟ್ಟನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಪ್ಪನ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಗೇಟಿಗೆ ನಡೆದಳು. ಬೋರ್ಡಾದರೂ ಇಳಿಯಲಿ.

ಸಿಕ್ಕಿಕೊಂಡಿದ್ದ ಚಾಕುವಿನ ಚೂರನ್ನು ಕೆದಕಿ ತೆಗೆದು ತಿರುಗಿಸಿದಳು. ಸ್ಕ್ರೂ ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಬಂತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಬೋರ್ಡು ಕೈಗೆ ಬಂದು ಬೆನ್ನು ತೋರಿಸಿತು.

ಪೆನ್ಸಿಲಿನಲ್ಲಿ ಅಪ್ಪನ ದುಂಡಗಿನ ಅಕ್ಷರ. ‘ಏಜೆಂಟರಿಗೆ. ಈ ಮನೆ ಮಾರುವುದಿಲ್ಲ. ಕರಾರಿನಿಂದ ಹಿಂದೆ ಸರಿಯುತ್ತಿದ್ದೇವೆ. ಖರ್ಚು ಕೊಡುತ್ತೇವೆ.’ ಮೂರು ದಿನದ ಹಿಂದಿನ ತಾರೀಕು. ಅಪ್ಪನ ಸಹಿ. ಅದರ ಪಕ್ಕದಲ್ಲಿ ಅಮ್ಮನ ಸಹಿಗೆಂದು ಅಡ್ಡಗೀಟು ಎಳೆದು ಜಾಗ ಬಿಟ್ಟಿದ್ದ. ನೋಟಿಸು ಕೊಡುವವರೆಗೆ ಬೋರ್ಡು ಗೇಟಿನಲ್ಲಿರಬೇಕೆಂದು ಕರಾರಿನಲ್ಲಿತ್ತು. ಅದಕ್ಕೇ ಬರೆದಾದ ಮೇಲೆ ಮತ್ತೆ ಅಲ್ಲೇ ಕೂರಿಸಿದ್ದ, ಮಹಾನುಭಾವ.

ಅಮ್ಮ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಪೆನ್ಸಿಲಿನಲ್ಲೇ ಸಹಿ ಹಾಕಿದಳು. ಗೀಟು ದಾಟಲಿಲ್ಲ.

"ಇದು ಹಲಗೆ," ಎಂದ ಏಜೆಂಟ್.

"ಲಿಖಿತ ಅಂತ ತಾನೇ ಇರೋದು? ಕಾಗದ ಅಂತ ಎಲ್ಲಿದೆ, ತೋರ್ಸಿ," ಎಂದಳು ಮಗಳು.

ಅವನು ಮೂರೂ ಹಾಳೆ ತಿರುವಿದ. ಮೊದಲಿನಿಂದ ಮತ್ತೊಮ್ಮೆ ತಿರುವಿದ. ಕೊನೆಗೆ ಕರಾರಿನ ಮೇಲೆ ‘ನೋಟಿಸು ತಲುಪಿದೆ’ ಎಂದು ಬರೆದು ರುಜು ಹಾಕಿಕೊಟ್ಟ. ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ನೆರೆದವರ ನಡುವೆ ದಾರಿ ಬಿಡಿಸಿಕೊಂಡು ಹೋದ.

ಗಾಡಿ ಬಂತು. ಅಪ್ಪನನ್ನು ಬರಿದಾದ ಗೇಟಿನಿಂದ ಹೊರಗೆ ತಂದರು. ಮಗಳು ಮುಷ್ಟಿ ಬಿಚ್ಚಿದಾಗ ನಾಲ್ಕು ಸ್ಕ್ರೂಗಳೂ ಬೆವರಿಗೆ ಒದ್ದೆಯಾಗಿದ್ದವು. ಅಮ್ಮ ಒಂದನ್ನು ಎತ್ತಿಕೊಂಡು ಅದರ ಸುತ್ತುಗಳ ಸಂದಿಯನ್ನು ಉಗುರಿನಿಂದ ಕೆರೆದಳು. ನಸುಗೆಂಪು ಪುಡಿ ಉಗುರಿಗೆ ಹತ್ತಿತು. ಮೂಗಿನ ಹತ್ತಿರ ಹಿಡಿದಳು.

"ಗುಲಾಬಿ ಸೋಪು," ಎಂದಳು. "ನಿಮ್ಮಪ್ಪ, ಮತ್ತೆ ಬಿಚ್ಚೋ ಸ್ಕ್ರೂಗೆ ಮಾತ್ರ ಸೋಪು ಹಚ್ಚೋರು."