ಚಿಕ್ಕಮ್ಮ ಯಾವ ಕಡೆಯವರು

ದೊಡ್ಡಪ್ಪ ಉಸಿರು ಬಿಗಿಹಿಡಿದು ಮದುವೆಯ ಕಾಲದ ಕರಿ ಕೋಟಿನ ಕೊನೆಯ ಬಟನ್ ಹಾಕುತ್ತಿದ್ದಾಗ ಫೋನು ಬಂತು. ಸಮಾಧಿ ತೋಡುವವನು.

"ಎಲ್ಲಿ ತೋಡ್ಲಿ ಸಾರ್? ನಿಮ್ಮ ಮನೆತನದ ಕಾಂಪೌಂಡಲ್ಲಿ ಒಂದೇ ಜಾಗ ಉಳಿದಿರೋದು."

ಅದು ದೊಡ್ಡಪ್ಪನ ತಾಯಿಯ ಪಕ್ಕದ ಜಾಗ. ಹೆಂಡತಿಯ ವಿಷಯ ಆಮೇಲೆ ನೋಡಿದರಾಯಿತೆಂದು ಅದನ್ನವರು ತಮಗೇ ಇಟ್ಟುಕೊಂಡಿದ್ದರು. ಬಸ್ಸಿನಲ್ಲಿ ಕರವಸ್ತ್ರ ಹಾಸಿ ಸೀಟು ಹಿಡಿಯುವವರಂತೆ ಅಲ್ಲೊಂದು ಕಲ್ಲುಬೆಂಚನ್ನೂ ಹಾಕಿಸಿದ್ದರು.

"ತಡಿ, ನಾನೇ ಬರ್ತೀನಿ."

ಹಜಾರದಲ್ಲಿ ಚಿಕ್ಕಮ್ಮನ ಶವಪೆಟ್ಟಿಗೆ. ಅಂಗಡಿಯಲ್ಲಿ ಇದ್ದದ್ದರಲ್ಲೇ ಚಿಕ್ಕ ಅಳತೆಯದು.

"ಕಾಂಪೌಂಡ್ ಒಳಗೆ ಮನೆತನದವರಿಗೆ ಮಾತ್ರ ಕಣೇ," ಎಂದರು ದೊಡ್ಡಪ್ಪ ಹೆಂಡತಿಗೆ. "ನಿಮ್ಮ ತವರಿನವರ ಜಾಗ ಇರಬೇಕಲ್ಲ?"

"ನಮ್ಮ ತವರಿನವರಾ?" ದೊಡ್ಡಮ್ಮ ಕಣ್ಣೊರೆಸುವುದನ್ನು ನಿಲ್ಲಿಸಿದರು. "ನಿಮ್ಮಮ್ಮನ ತಂಗಿ ಅಲ್ವೇನ್ರೀ?"

"ನಮ್ಮಮ್ಮನಿಗೆ ತಂಗೀನೇ ಇರ್ಲಿಲ್ಲ ಮಾರಾಯ್ತಿ. ನಿನ್ನ ಜೊತೆ ಬಂದೋರಲ್ವಾ?"

"ನಾನು ಬಂದಾಗ್ಲೇ ಇಲ್ಲಿದ್ರು!"

ಇಬ್ಬರೂ ತಮ್ಮನ ಮಗಳತ್ತ ತಿರುಗಿದರು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಆಕೆ ಬಿಡುವಿನಲ್ಲಿ ವಂಶವೃಕ್ಷ ಬೆಳೆಸುತ್ತಿದ್ದಳು. ಅಡ್ಡಹೆಸರು ಒಂದೇ ಎಂಬ ಪುರಾವೆಯೊಂದರ ಮೇಲೆಯೇ ಯಾವನೋ ಕೋಟೆ ಕಾವಲಿನವನನ್ನು ಮುತ್ತಜ್ಜನ ಅಜ್ಜನಾಗಿ ಕೂರಿಸಿದ್ದಳು. ಅವನ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ.

"ಚಿಕ್ಕಮ್ಮ ಅದರಲ್ಲಿಲ್ಲ ದೊಡ್ಡಪ್ಪ. ನಾನು ದೊಡ್ಡಮ್ಮನ ಕಡೆಯವರು ಅಂದ್ಕೊಂಡೆ."

"ಅವರನ್ನೇ ಕೇಳೋಕೇನಾಗಿತ್ತು?"

"ಕೇಳಿದ್ದೆ. 'ಮೊದ್ಲು ಕೈ ಎತ್ತು, ತೋಳಿನ ಅಳತೆ ತಗೋಬೇಕು' ಅಂದ್ರು."

"ಆದ್ರೆ ಆ ಮೂಗು!" ಎಂದರು ದೊಡ್ಡಮ್ಮ. "ಥೇಟ್ ನಿಮ್ಮ ಮನೆತನದ್ದೇ."

ದೊಡ್ಡಪ್ಪ ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು.

*

ದೊಡ್ಡಪ್ಪನ ಮದುವೆಯ ವಾರ ದರ್ಜಿ ಹೆಂಗಸೊಬ್ಬಳು ಹೊಲಿಗೆಯಂತ್ರದ ಸಮೇತ ಬಂದಿಳಿದಿದ್ದಳು. ಅಳತೆಗೆ ಹಳೆಯ ಕೋಟು ಕಳಿಸಿದ್ದ ಮದುಮಗ ಊರಿಗೆ ಬಂದದ್ದೇ ಮದುವೆಯ ಹಿಂದಿನ ದಿನ. ಮನೆ ತುಂಬ ಹೊಸ ಮುಖಗಳು. ಅದರಲ್ಲಿ ಇದೂ ಒಂದು. ಮದುವೆ ಮುಗಿಯಿತು, ಪರದೆಗಳು ಬಾಕಿ ಇದ್ದವು. ಪರದೆ ಮುಗಿಯುವಷ್ಟರಲ್ಲಿ ಸೊಸೆಯ ಬಟ್ಟೆ ಸೊಂಟದಲ್ಲಿ ಬಿಗಿಯತೊಡಗಿತ್ತು. ಅದು ಮೊದಲು ತಿಳಿದದ್ದೂ ದರ್ಜಿಗೇ. ಹುಟ್ಟಿದ ಮಗು ಮಾತು ಕಲಿತು ಅವಳನ್ನು ಚಿಕ್ಕಮ್ಮ ಎಂದಿತು. ಯಾರೂ ತಿದ್ದಲಿಲ್ಲ. ತಿದ್ದಬಹುದಾಗಿದ್ದ ದೊಡ್ಡಪ್ಪನ ತಾಯಿಯೇ ಮುಂದೆ ಹಾಗೆ ಕರೆಯತೊಡಗಿದರು.

ಏನು ಹೊಲಿದರೂ ಚಿಕ್ಕಮ್ಮ ಒಳಗೆ ಎರಡು ಬೆರಳಗಲ ಬಟ್ಟೆ ಮಡಚಿ ಬಿಡುತ್ತಿದ್ದರು.

"ಸುಮ್ಮನೆ ದಂಡ ಅಲ್ವೇನೇ?" ಎನ್ನುತ್ತಿದ್ದರು ದೊಡ್ಡಪ್ಪನ ತಾಯಿ.

"ಇರಲಿ ಬಿಡಿ, ಮುಂದೆ ಬೇಕಾಗತ್ತೆ."

ದೊಡ್ಡಪ್ಪನ ಕೋಟು ಆ ಬಟ್ಟೆಯ ದಯೆಯಿಂದ ಈವರೆಗೆ ಮೂರು ಸಲ ಅಗಲವಾಗಿತ್ತು.

*

ಸಮಾಧಿ ತೋಡುವವನು ಗುದ್ದಲಿಗೆ ಒರಗಿ ನಿಂತಿದ್ದ.

"ಒಳಗಾ ಹೊರಗಾ, ಹೇಳ್ಬಿಡಿ ಸಾರ್. ನಿಮಗೇನಾಗ್ಬೇಕು ಅವರು?"

ಉತ್ತರ ಹೇಳಲೆಂದು ದೊಡ್ಡಪ್ಪ ಉಸಿರೆಳೆದುಕೊಂಡರು. ಕೋಟು ಬಗಲಲ್ಲಿ ಬಿಗಿಯಿತು, ಹೊಲಿಗೆ ಬಿಡಲಿಲ್ಲ.

"ಆ ಬೆಂಚು ಎತ್ತು," ಎಂದರು.

ಅವನು ಬೆಂಚು ಸರಿಸಿ, ಗುರುತಿಗೆ ಹಗ್ಗ ಕಟ್ಟಿದ.

"ಅಷ್ಟಗಲ ಯಾಕಯ್ಯ? ಸಣ್ಣ ಆಳು ಅವರು. ಗೋಡೆಗೆ ಒತ್ತಿ ತೋಡು, ಈ ಕಡೆ ಸ್ವಲ್ಪ ಬಿಟ್ಟಿರು."

"ಸ್ವಲ್ಪ ಅಂದ್ರೆ ಎಷ್ಟು ಸಾರ್?"

ದೊಡ್ಡಪ್ಪ ಹಗ್ಗಕ್ಕೂ ತಾಯಿಯ ಸಮಾಧಿಗೂ ನಡುವೆ ಹೋಗಿ ನಿಂತು, ತೋಳುಗಳನ್ನು ಮೈಗೆ ಅಂಟಿಸಿ, ಹೊಟ್ಟೆ ಒಳಗೆಳೆದುಕೊಂಡರು. ತೋಡುವವನು ಅವರನ್ನೊಮ್ಮೆ ನೋಡಿ, ಹಗ್ಗವನ್ನು ಇನ್ನೆರಡು ಬೆರಳು ಗೋಡೆಯತ್ತ ಸರಿಸಿದ.