ಗಂಟು ಬಿಚ್ಚದವಳು

"ಮುಖ ಆ ಕಡೆ, ಬೆನ್ನು ಬಾಗಿಲ ಕಡೆ," ಎಂದು ಸೋದರತ್ತೆ ಅನಿಪಾ ಬುರುಲ್ಚಾಳ ಹೆಗಲು ಹಿಡಿದು ಅದುಮಿ ಕೂರಿಸಿದಳು. "ಹೂಂ, ಈಗ ಹಾಡು."

ಉಣ್ಣೆಗುಡಾರದೊಳಗೆ, ಪರದೆಯ ಆಚೆ, ಅವಳ ಅಪ್ಪ, ತೀರಿಹೋದ ಸುಯುಂದುಕ್ ಮೇಷ್ಟ್ರು, ಮಲಗಿದ್ದರು. ಹೊರಗೆ ನಾರಿನ್ ಬೆಟ್ಟನಾಡಿನ ಚಳಿಯಲ್ಲಿ ಗಂಡಸರು ಪದ್ಧತಿಯಂತೆ ಕೋಲೂರಿ, ಬಗ್ಗಿ ನಿಂತು, ದೊಡ್ಡ ದನಿಯಲ್ಲಿ ಅಳುತ್ತಿದ್ದರು. ಒಳಗೆ ಮಗಳು ಅಪ್ಪನ ಮೇಲೆ ಹಾಡು ಕಟ್ಟಿ ಅಳಬೇಕು. ಹಾಡದಿದ್ದರೆ ಅಪ್ಪನನ್ನು ಅನಾಥನಂತೆ ಮಣ್ಣಿಗೆ ಕಳಿಸಿದ ಹಾಗೆ. ಬುರುಲ್ಚಾ ಬಾಯಿ ತೆರೆದಳು. ಉಸಿರು ಬಂತು, ದನಿ ಬರಲಿಲ್ಲ.

"ಅಂಚೆಕಚೇರೀಲಿ ಮುದ್ರೆ ಒತ್ತಿ ಒತ್ತಿ ಗಂಟಲಿಗೂ ಒತ್ಕೊಂಡ್ಯೇನೇ?" ಅತ್ತೆ ಕಿವಿಯಲ್ಲಿ ಗುರುಗುಟ್ಟಿದಳು. "ಆಗಲ್ಲ ಅಂದ್ರೆ ಹೇಳು. ಪಕ್ಕದೂರಿಂದ ಹಾಡೋಳನ್ನ ಕರೆಸ್ತೀನಿ. ಊರು ಉಗೀಲಿ."

"ಬೇಡ ಅತ್ತೆ. ನಾನೇ..."

ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು ಝೂರಾ, ಮೇಷ್ಟ್ರ ಹಳೆಯ ಶಿಷ್ಯೆ, ಗೆಳತಿಯ ಕೈ ಅದುಮಿದಳು. "ಆ ಹಗ್ಗ ನೆನಪಿದ್ಯೇನೇ?"

*

ಕೊನೆಯ ತರಗತಿ ಮುಗಿಸಿ ಶಾಲೆ ಬಿಡುವ ಮಕ್ಕಳಿಗೆ ಯಾವ ಕಸುಬು ಒಗ್ಗೀತೆಂದು ತಿಳಿಯಲು ಮೇಷ್ಟ್ರು ಅವರ ಕೈಗೆ ಗಂಟು ಬಿಗಿದ ಕುದುರೆ ಹಗ್ಗವೊಂದನ್ನು ಕೊಡುತ್ತಿದ್ದರು. "ಬಿಚ್ಚು" ಎಂದಷ್ಟೇ ಹೇಳಿ, ಕನ್ನಡಕ ಮೂಗಿನ ತುದಿಗಿಳಿಸಿ ನೋಡುತ್ತ ಕೂರುವರು. ಝೂರಾ ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಿದ್ದಳು. "ನೀನು ಡಾಕ್ಟರಾಗು ತಾಯಿ." ಚಾಕು ತೆಗೆದು ಕತ್ತರಿಸಿದವನಿಗೆ, "ನೀನು ಲಾರಿ ಓಡಿಸು, ಅಂಗಡಿ ಇಡು, ಆಪರೇಷನ್ ಮಾತ್ರ ಮಾಡ್ಬೇಡಪ್ಪ!" ಹಗ್ಗವನ್ನು ಪಕ್ಕದವನಿಗೆ ದಾಟಿಸಿ ಕೈಕಟ್ಟಿ ನಿಂತವನಿಗೆ ಎದ್ದು ನಿಂತು ನಮಸ್ಕಾರ: "ಸಾಹೇಬ್ರೇ, ಸರ್ಕಾರಿ ಕುರ್ಚಿ ಕಾಯ್ತಿದೆ."

ಬುರುಲ್ಚಾ ಹಗ್ಗ ಮೂಸಿ ಕುದುರೆಯ ಹಾಗೆ ಕೆನೆದಳು. ಆಮೇಲೆ ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅಪ್ಪನದೇ ದನಿಯಲ್ಲಿ, "ಬಿಚ್ಚು" ಎಂದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಅಪ್ಪನೂ ನಕ್ಕರು.

"ನಾನೇನಾಗ್ಲಿ ಅಪ್ಪಾ?"

"ನೋಡೋಣ."

ಆ 'ನೋಡೋಣ'ದಲ್ಲೇ ಅವಳು ಅಂಚೆಕಚೇರಿ ಸೇರಿ ತಲೆ ನರೆಸಿಕೊಂಡಳು. ಹಬ್ಬಕ್ಕೆ ಬಂದಾಗೆಲ್ಲ ಕೇಳುವಳು. ಅವರು ಉಪ್ಪು ಹಾಕಿದ ಚಹಾದ ಬಟ್ಟಲು ಮುಂದೆ ನೂಕಿ ಅದನ್ನೇ ಅನ್ನುವರು.

*

ಗುಡಾರದಲ್ಲಿ ಬುರುಲ್ಚಾ ಮೂಗಿನ ತುದಿ ಮುಟ್ಟಿಕೊಂಡಳು. ಕೆಮ್ಮಿದಳು. ಅದು ಅಪ್ಪನ ಕೆಮ್ಮು. ಅದರ ಹಿಂದೆಯೇ ಅವಳ ಬಾಯಿಂದ ಅಪ್ಪನ ದನಿಯೂ ಬಂತು.

"ಝೂರಾ, ಸಾಕು ತಾಯಿ. ಹೀಗೆ ಕಣ್ಣು ಊದಿಸ್ಕೊಂಡ್ರೆ ನಾಳೆ ಯಾರದೋ ಒಳ್ಳೆ ಹಲ್ಲು ಕಿತ್ತುಬಿಡ್ತೀಯ. ಅನಿಪಾ, ನಾನು ಸತ್ತ ಮೇಲೂ ನಿನ್ನ ಯಜಮಾನಿಕೆನಾ? ಚಹಾಕ್ಕೆ ಉಪ್ಪು ಬಿದ್ದಿದ್ಯಾ ನೋಡ್ಹೋಗು."

ಯಾರೋ ಕಿಸಕ್ಕೆಂದರು. ಸಾವಿನ ಗುಡಾರದಲ್ಲಿ ನಗು! ಅತ್ತೆ ಹೊಡೆಯಲೆಂದೇ ಕೈಯೆತ್ತಿದಳು. ಎತ್ತಿದ ಕೈ ಅವಳ ಬಾಯಿಗೇ ಹೋಯಿತು. "ಅಣ್ಣಾ..." ಎಂದು ಕುಸಿದಳು. ಅದರ ಬೆನ್ನಿಗೇ ಹೆಂಗಸರ ಅಳು ಕಟ್ಟೆಯೊಡೆಯಿತು.

ಬುರುಲ್ಚಾ ನಿಲ್ಲಿಸಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ. "ಲೋ ಟೊಕ್ಟೋ, ಸೋಮಾರಿ! ಕುದುರೆಗೆ ನೀರು ಕುಡಿಸಿದ್ಯೇನೋ?"

ಹೊರಗೆ ಮೇಷ್ಟ್ರ ಬಾಲ್ಯದ ಗೆಳೆಯ ಟೊಕ್ಟೋಬೆಕ್ ಅಳು ನಿಲ್ಲಿಸಿ ತಲೆಯೆತ್ತಿದ. "ಕುಡಿಸ್ತೀನಿ ಕಣೋ, ಬೊಬ್ಬೆ ಹಾಕ್ಬೇಡ," ಎಂದವನೇ ಕೋಲು ಬಿಸಾಕಿ ಬಕೆಟ್ ಹಿಡಿದು ನಡೆದುಬಿಟ್ಟ. ಗೂಟದ ಬಳಿ, ಬೆಳಗಿನಿಂದ ಹುಲ್ಲು ಮೂಸದೆ ನಿಂತಿದ್ದ ಮೇಷ್ಟ್ರ ಕುದುರೆ, ಎರಡೂ ಕಿವಿಗಳನ್ನು ಗುಡಾರದತ್ತ ನೆಟ್ಟು, ಹಗ್ಗ ಜಗ್ಗುತ್ತಿತ್ತು.